ಬೇಗಂ ಬಜಾರ್‌ನಿಂದ ಮೂಸಿ ಮೂಲದವರೆಗೆ: ಹೈದರಾಬಾದ್ ಸುತ್ತಲಿನ ಸಂರಕ್ಷಿತ ಕಾಡುಗಳು ಯಾವುವು? ಭೇಟಿಗೂ ಮುನ್ನ ತಿಳಿಯಬೇಕಾದ್ದೇನು?

ಹೈದರಾಬಾದ್: ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಕಡೆಯ ವ್ಯಾಪಾರಿಗಳಿಗೆ ಬೇಗಂ ಬಜಾರ್ ಹೊಸ ಹೆಸರೇನಲ್ಲ. ಮದುವೆಗೆ ಬೇಕಾದ ಪಾತ್ರೆ, ಅಂಗಡಿಗೆ ಬೇಕಾದ ಒಣಹಣ್ಣು, ಮಸಾಲೆ ಪದಾರ್ಥ ಎಲ್ಲವೂ ಇಲ್ಲಿ ಸಗಟು ದರಕ್ಕೆ ಸಿಗುತ್ತವೆ. ಬೆಳಗ್ಗೆ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ (ಎಂಜಿಬಿಎಸ್) ಇಳಿದು, ಖರೀದಿ ಮುಗಿಸಿ, ರಾತ್ರಿ ಬಸ್ ಹಿಡಿಯುವವರೇ ಹೆಚ್ಚು. ನಡುವೆ ಸಮಯ ಉಳಿದರೆ ಚಾರ್‌ಮಿನಾರ್, ಸಾಲಾರ್ ಜಂಗ್ ಮ್ಯೂಸಿಯಂ ನೋಡಿ ಬರುತ್ತಾರೆ.

ಆದರೆ ಈ ಮಾರುಕಟ್ಟೆಯಿಂದ ಒಂದೆರಡು ಗಂಟೆಯೊಳಗೆ ತಲುಪಬಹುದಾದ ದೂರದಲ್ಲಿ ಮೂರು ರಾಷ್ಟ್ರೀಯ ಉದ್ಯಾನಗಳಿವೆ ಎಂಬುದು ಅನೇಕರಿಗೆ ತಿಳಿದಿಲ್ಲ. ಕೃಷ್ಣಮೃಗಗಳ ಹಿಂಡು, ಕಡವೆ, ನವಿಲು, ಕಲ್ಲುಬಂಡೆಗಳ ನಡುವಿನ ಕುರುಚಲು ಕಾಡು ಎಲ್ಲವೂ ಇಲ್ಲಿವೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಈ ಕಾಡು, ಕೆರೆ, ಜಲಾನಯನ ಪ್ರದೇಶಗಳು ಉಳಿಯುವುದಕ್ಕೂ ಬೇಗಂ ಬಜಾರ್ ನೀರಿನಲ್ಲಿ ಮುಳುಗದಿರುವುದಕ್ಕೂ ನೇರ ಸಂಬಂಧವಿದೆ. ಯಾವ ಕಾಡಿಗೆ ಕಾನೂನಿನ ರಕ್ಷಣೆ ಇದೆ, ಯಾವುದಕ್ಕೆ ಇಲ್ಲ, ಭೇಟಿ ನೀಡುವವರು ಏನು ಗಮನಿಸಬೇಕು ಎಂಬ ಮಾಹಿತಿ ಇಲ್ಲಿದೆ.

ಬೇಗಂ ಬಜಾರ್‌ಗೂ ಕಾಡಿಗೂ ಏನು ಸಂಬಂಧ?

ಬೇಗಂ ಬಜಾರ್ ಇರುವುದು ಮೂಸಿ ನದಿಯ ಉತ್ತರ ದಡದ ಸಮೀಪ. ಪಕ್ಕದಲ್ಲೇ ಅಫ್ಜಲ್‌ಗಂಜ್ ಮತ್ತು ಉಸ್ಮಾನಿಯಾ ಆಸ್ಪತ್ರೆ ಇವೆ. 1908ರ ಸೆಪ್ಟೆಂಬರ್ 28ರಂದು ಭಾರಿ ಮಳೆಗೆ ಮೂಸಿ ಉಕ್ಕಿ ಹರಿದು ಈ ಇಡೀ ಭಾಗವನ್ನು ಆವರಿಸಿತು. ಸುಮಾರು 15 ಸಾವಿರ ಜನ ಪ್ರಾಣ ಕಳೆದುಕೊಂಡರು ಎಂದು ಅಂದಾಜಿಸಲಾಗಿದೆ. ಸೇತುವೆಗಳು ಕೊಚ್ಚಿಹೋದವು, ಸಾವಿರಾರು ಮನೆಗಳು ನೆಲಸಮವಾದವು.

ಅಂದು ನದಿ ದಡದ ಒಂದು ಹುಣಸೆ ಮರ ಹತ್ತಿ ಕುಳಿತ ಸುಮಾರು 150 ಮಂದಿ ಬದುಕುಳಿದರು ಎನ್ನುವುದು ನಗರದ ನೆನಪಿನಲ್ಲಿ ಉಳಿದಿರುವ ಸಂಗತಿ. ಆ ಮರ ಇಂದಿಗೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಬೇಗಂ ಬಜಾರ್‌ಗೆ ಬಂದವರು ನಡೆದೇ ಹೋಗಿ ನೋಡಬಹುದು.

ಪರಿಹಾರ ಹೇಳಿದ್ದು ಸರ್ ಎಂ.ವಿಶ್ವೇಶ್ವರಯ್ಯ

ಪ್ರವಾಹದ ನಂತರ ನಿಜಾಮ್ ಸರ್ಕಾರ ನೆರವಿಗೆ ಕರೆದದ್ದು ಕನ್ನಡಿಗ ಎಂಜಿನಿಯರ್ ಎಂ.ವಿಶ್ವೇಶ್ವರಯ್ಯ ಅವರನ್ನು. ಬಾಂಬೆ ಪ್ರಾಂತ್ಯದ ಸೇವೆಯಿಂದ ಹೊರಬಂದಿದ್ದ ಅವರು 1909ರಲ್ಲಿ ಹೈದರಾಬಾದ್‌ನಲ್ಲಿ ಕೆಲಸ ಆರಂಭಿಸಿದರು. ಅದೇ ವರ್ಷದ ಕೊನೆಗೆ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಹುದ್ದೆಗೆ ತೆರಳಿದರು. ಅಷ್ಟರೊಳಗೆ ಅವರು ಕೊಟ್ಟ ವರದಿಯ ತಿರುಳು ಸರಳವಾಗಿತ್ತು: ನಗರದೊಳಗೆ ತಡೆಗೋಡೆ ಕಟ್ಟಿದರಷ್ಟೇ ಸಾಲದು, ನಗರದ ಮೇಲ್ಭಾಗದಲ್ಲೇ ಪ್ರವಾಹದ ನೀರನ್ನು ತಡೆದು ನಿಲ್ಲಿಸಬೇಕು.

ಅದರ ಫಲವೇ ಮೂಸಿಗೆ ಅಡ್ಡಲಾಗಿ 1920ರಲ್ಲಿ ಪೂರ್ಣಗೊಂಡ ಉಸ್ಮಾನ್ ಸಾಗರ್ (ಗಂಡಿಪೇಟ್) ಮತ್ತು ಅದರ ಉಪನದಿ ಈಸಿಗೆ ಅಡ್ಡಲಾಗಿ 1927ರಲ್ಲಿ ಪೂರ್ಣಗೊಂಡ ಹಿಮಾಯತ್ ಸಾಗರ್. ಪ್ರವಾಹ ತಡೆಯಲು ಹುಟ್ಟಿದ ಈ ಅವಳಿ ಜಲಾಶಯಗಳು ದಶಕಗಳ ಕಾಲ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

ಜಲಾಶಯ ಕಟ್ಟಿದರೆ ಮುಗಿಯುವುದಿಲ್ಲ, ಅದಕ್ಕೆ ನೀರು ಹರಿದು ಬರುವ ನೆಲವೂ ಉಳಿಯಬೇಕು. ಈ ಕಾರಣಕ್ಕೆ ಅವಿಭಜಿತ ಆಂಧ್ರಪ್ರದೇಶ ಸರ್ಕಾರ 1996ರ ಮಾರ್ಚ್ 8ರಂದು ಜಿಒ 111 ಎಂದೇ ಹೆಸರಾದ ಆದೇಶ ಹೊರಡಿಸಿತು. ಜಲಾಶಯಗಳ ಸುತ್ತ 10 ಕಿ.ಮೀ. ವ್ಯಾಪ್ತಿಯ 84 ಹಳ್ಳಿಗಳಲ್ಲಿ, ಅಂದರೆ ಸುಮಾರು 1.32 ಲಕ್ಷ ಎಕರೆಯಲ್ಲಿ, ಮಾಲಿನ್ಯಕಾರಕ ಕೈಗಾರಿಕೆ, ದೊಡ್ಡ ಹೋಟೆಲ್, ವಸತಿ ಬಡಾವಣೆಗಳಿಗೆ ನಿರ್ಬಂಧ ಹೇರಲಾಯಿತು. ಈ ವ್ಯಾಪ್ತಿಯಲ್ಲಿ ಎಣ್ಣೆ ಕಾರ್ಖಾನೆಯೊಂದಕ್ಕೆ ವಿನಾಯಿತಿ ನೀಡಿದ ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಯಿತು. ಕುಡಿಯುವ ನೀರಿನ ಮೂಲದ ವಿಷಯದಲ್ಲಿ ಇಂಥ ವಿನಾಯಿತಿ ಸಲ್ಲದು ಎಂದು ಕೋರ್ಟ್ 2000ನೇ ಇಸವಿಯಲ್ಲಿ ಸ್ಪಷ್ಟಪಡಿಸಿತು. ದೇಶದ ಪರಿಸರ ಕಾನೂನಿನಲ್ಲಿ ಈ ತೀರ್ಪನ್ನು ಇಂದಿಗೂ ಉಲ್ಲೇಖಿಸಲಾಗುತ್ತದೆ.

ಆದರೆ ಜಿಒ 111 ಸರ್ಕಾರದ ಆದೇಶವೇ ಹೊರತು ಶಾಸನಸಭೆ ಅಂಗೀಕರಿಸಿದ ಕಾಯ್ದೆಯಲ್ಲ. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ ಜಿಒ 69 ಮೂಲಕ ಈ ನಿರ್ಬಂಧಗಳನ್ನು ಸಡಿಲಿಸಲು ಮುಂದಾಯಿತು. 2023ರ ಮೇ ತಿಂಗಳಲ್ಲಿ ಜಿಒ 111 ಅನ್ನೇ ಕೈಬಿಡುವ ತೀರ್ಮಾನವನ್ನು ಅಂದಿನ ಸಚಿವ ಸಂಪುಟ ಪ್ರಕಟಿಸಿತು. ಜಮೀನಿಗೆ ಒಳ್ಳೆಯ ಬೆಲೆ ಸಿಗದೆ ತಮಗೆ ಅನ್ಯಾಯವಾಗುತ್ತಿದೆ ಎನ್ನುವುದು ಹಳ್ಳಿಗರ ವಾದ. ಜಲಾನಯನ ಪ್ರದೇಶ ಕಾಂಕ್ರೀಟ್ ಆದರೆ ನಗರವೇ ಬೆಲೆ ತೆರಬೇಕಾಗುತ್ತದೆ ಎನ್ನುವುದು ಪರಿಸರವಾದಿಗಳ ವಾದ.

ಆ ಬೆಲೆ ಎಂಥದ್ದು ಎಂಬುದರ ಸುಳಿವು 2025ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಸಿಕ್ಕಿತು. ಭಾರಿ ಮಳೆಯಿಂದ ಅವಳಿ ಜಲಾಶಯಗಳ ಗೇಟ್ ತೆರೆದಾಗ ಮೂಸಿ ಉಕ್ಕಿ, ಬೇಗಂ ಬಜಾರ್‌ಗೆ ಹತ್ತಿರದ ಎಂಜಿಬಿಎಸ್ ನಿಲ್ದಾಣಕ್ಕೆ ನೀರು ನುಗ್ಗಿತು. ಪ್ರಯಾಣಿಕರನ್ನು ಹೊರಗೆ ಕರೆತರಬೇಕಾಯಿತು, ಬಸ್‌ಗಳನ್ನು ಬೇರೆಡೆಯಿಂದ ಓಡಿಸಬೇಕಾಯಿತು.

ನಗರದ ಮೂರು ರಾಷ್ಟ್ರೀಯ ಉದ್ಯಾನಗಳು

*ಕೆಬಿಆರ್ ಉದ್ಯಾನ, ಜುಬಿಲಿ ಹಿಲ್ಸ್:* ಮಾಜಿ ಮುಖ್ಯಮಂತ್ರಿ ಕಾಸು ಬ್ರಹ್ಮಾನಂದ ರೆಡ್ಡಿ ಅವರ ಹೆಸರಿನ ಈ ಉದ್ಯಾನ ಬೇಗಂ ಬಜಾರ್‌ನಿಂದ ಸುಮಾರು 10 ಕಿ.ಮೀ. ದೂರದಲ್ಲಿದೆ. ನಿಜಾಮ್ ವಂಶದ ಮುಕರ್ರಂ ಜಾ ಅವರ ಚಿರಾನ್ ಅರಮನೆ ಇದರೊಳಗಿದೆ. 1998ರಲ್ಲಿ ರಾಷ್ಟ್ರೀಯ ಉದ್ಯಾನದ ಸ್ಥಾನ ಪಡೆದ ಇದರ ವಿಸ್ತೀರ್ಣ ಕೇವಲ 1.42 ಚದರ ಕಿ.ಮೀ. ಬೆಳಗಿನ ವಾಯುವಿಹಾರಕ್ಕೆ ಬರುವವರು ಹೆಚ್ಚು. ನವಿಲುಗಳು ಸುಲಭವಾಗಿ ಕಾಣಸಿಗುತ್ತವೆ. ಸುತ್ತ ದುಬಾರಿ ಬಂಗಲೆಗಳು ಮತ್ತು ದಟ್ಟ ಟ್ರಾಫಿಕ್ ಇರುವ ಈ ಜಾಗದಲ್ಲಿ ಕಾಡು ಉಳಿದಿದೆ ಎಂಬುದೇ ವಿಶೇಷ.

*ಮಹಾವೀರ ಹರಿಣ ವನಸ್ಥಲಿ, ವನಸ್ಥಲಿಪುರಂ:* ವಿಜಯವಾಡ ಹೆದ್ದಾರಿ ಬದಿಯಲ್ಲಿದ್ದು, ಹಿಂದೆ ನಿಜಾಮರ ಬೇಟೆಯ ಕಾಡಾಗಿತ್ತು. ಭಗವಾನ್ ಮಹಾವೀರರ 2500ನೇ ನಿರ್ವಾಣ ವರ್ಷದ ನೆನಪಿಗೆ 1975ರಲ್ಲಿ ಈ ಹೆಸರು ಬಂತು. ವಿಸ್ತೀರ್ಣ 14.59 ಚದರ ಕಿ.ಮೀ. ಇಲ್ಲಿನ ಮುಖ್ಯ ಆಕರ್ಷಣೆ ಕೃಷ್ಣಮೃಗ. ಒಂದು ಕಾಲದಲ್ಲಿ ಬೇಟೆಯಾಡಲು ಕಾಯ್ದಿರಿಸಿದ್ದ ನೆಲವೇ ಇಂದು ಮಹಾನಗರದ ಅಂಚಿನಲ್ಲಿ ಅವುಗಳ ಆಸರೆಯಾಗಿದೆ. ಚುಕ್ಕೆ ಜಿಂಕೆ, ಕಾಡುಹಂದಿಗಳೂ ಇವೆ.

*ಮೃಗವನಿ, ಚಿಲ್ಕೂರು:* 'ವೀಸಾ ಬಾಲಾಜಿ' ಎಂದೇ ಹೆಸರಾದ ಚಿಲ್ಕೂರು ಬಾಲಾಜಿ ದೇವಸ್ಥಾನಕ್ಕೆ ಬರುವ ಕನ್ನಡಿಗರು ಇದರ ಗೇಟ್ ಮುಂದೆಯೇ ಹಾದುಹೋಗಿರುತ್ತಾರೆ. ಅವಳಿ ಜಲಾಶಯಗಳ ನೆರೆಯಲ್ಲಿರುವ ಈ ಉದ್ಯಾನದ ವಿಸ್ತೀರ್ಣ ಸುಮಾರು 3.6 ಚದರ ಕಿ.ಮೀ. ಚುಕ್ಕೆ ಜಿಂಕೆ, ಕಡವೆಗಳಿಗೆ ಇದು ನೆಲೆ. ವೀಕ್ಷಣಾ ಗೋಪುರದಿಂದ ಕಾಡನ್ನು ನೋಡಬಹುದು.

ಬೋರ್ಡ್ ಮೇಲಿನ ಹೆಸರು ಏಕೆ ಮುಖ್ಯ?

ಸಾಮಾನ್ಯವಾಗಿ ಎಲ್ಲವನ್ನೂ 'ಫಾರೆಸ್ಟ್' ಎಂದು ಕರೆಯುತ್ತೇವೆ. ಆದರೆ ಕಾನೂನಿನ ದೃಷ್ಟಿಯಲ್ಲಿ ಎಲ್ಲ ಕಾಡೂ ಒಂದೇ ಅಲ್ಲ. ಗೇಟಿನ ಬೋರ್ಡ್ ಮೇಲೆ ಬರೆದಿರುವ ಹೆಸರೇ ಆ ಜಾಗದ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

- ರಾಷ್ಟ್ರೀಯ ಉದ್ಯಾನ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 35ರ ಅಡಿ ಘೋಷಣೆಯಾಗುತ್ತದೆ. ಜಾನುವಾರು ಮೇಯಿಸಲು ಅವಕಾಶವಿಲ್ಲ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಇಲ್ಲದೆ ರಾಜ್ಯ ಸರ್ಕಾರ ಗಡಿ ಬದಲಿಸುವಂತಿಲ್ಲ.
- ವನ್ಯಜೀವಿಧಾಮ: ಇಲ್ಲೂ ಗಡಿ ಬದಲಾವಣೆಗೆ ಮಂಡಳಿಯ ಶಿಫಾರಸು ಬೇಕು. ಆದರೆ ಸ್ಥಳೀಯರ ಕೆಲವು ಹಕ್ಕುಗಳು ಮುಂದುವರಿಯಲು ಅವಕಾಶವಿದೆ.
- ಹುಲಿ ಸಂರಕ್ಷಿತ ಪ್ರದೇಶ: 2006ರ ತಿದ್ದುಪಡಿ ಬಳಿಕ ಪ್ರತ್ಯೇಕ ಕಾನೂನು ಸ್ಥಾನ ಪಡೆದಿದೆ. ಕೋರ್ ಮತ್ತು ಬಫರ್ ಎಂಬ ಎರಡು ವಲಯಗಳಿರುತ್ತವೆ.
- ಮೀಸಲು ಅರಣ್ಯ: ಅರಣ್ಯ ಕಾನೂನಿನ ಅಡಿ ಬರುತ್ತದೆ. ಕೇಂದ್ರದ ಅನುಮತಿ ಪಡೆದು ಅರಣ್ಯೇತರ ಉದ್ದೇಶಕ್ಕೆ ಬಳಸಬಹುದು.
- ಜೀವವೈವಿಧ್ಯ ಪಾರಂಪರಿಕ ತಾಣ: 2002ರ ಜೀವವೈವಿಧ್ಯ ಕಾಯ್ದೆ ಅಡಿ ರಾಜ್ಯ ಸರ್ಕಾರ ಘೋಷಿಸುತ್ತದೆ. ದೇಶದ ಮೊದಲ ಇಂಥ ತಾಣ ಕರ್ನಾಟಕದ ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು (2007). ಹೈದರಾಬಾದ್ ಹೊರವಲಯದ ಅಮೀನ್‌ಪುರ ಕೆರೆಗೆ 2016ರಲ್ಲಿ ಈ ಸ್ಥಾನ ಸಿಕ್ಕಿದೆ.
- ಪರಿಸರ ಸೂಕ್ಷ್ಮ ವಲಯ: ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮಗಳ ಸುತ್ತ ಗಣಿಗಾರಿಕೆ, ಕೈಗಾರಿಕೆ, ನಿರ್ಮಾಣ ಚಟುವಟಿಕೆಗಳನ್ನು ನಿಯಂತ್ರಿಸುವ ಪಟ್ಟಿ.

ಕೊನೆಯದರ ಬಗ್ಗೆಯೇ ಈಗ ಹೆಚ್ಚು ಜಗಳ. ಕೆಬಿಆರ್ ಉದ್ಯಾನದ ಸುತ್ತ 2020ರಲ್ಲಿ ಅಧಿಸೂಚಿತವಾದ ಪರಿಸರ ಸೂಕ್ಷ್ಮ ವಲಯದ ಅಗಲ 3 ಮೀಟರ್‌ನಿಂದ 29.8 ಮೀಟರ್ ಮಾತ್ರ. ಅಂದರೆ ಕೆಲವೆಡೆ ಒಂದು ಫುಟ್‌ಪಾತ್‌ನಷ್ಟು. ಇದಕ್ಕೂ ಮೊದಲು, 2016ರಲ್ಲಿ, ಉದ್ಯಾನದ ಸುತ್ತಲಿನ ಜಂಕ್ಷನ್‌ಗಳಲ್ಲಿ ಮೇಲ್ಸೇತುವೆ ನಿರ್ಮಿಸಲು ಮರ ಕಡಿಯುವ ಪ್ರಸ್ತಾವ ಬಂದಾಗ ನಾಗರಿಕರು ಬೀದಿಗಿಳಿದಿದ್ದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮರ ಕಡಿಯಲು ತಡೆ ನೀಡಿತ್ತು.

ಬೆಂಗಳೂರಿನ ಓದುಗರಿಗೆ ಇದು ಪರಿಚಿತ ಕಥೆಯೇ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ ಮೊದಲು ಪ್ರಸ್ತಾಪವಾಗಿದ್ದ 268.96 ಚದರ ಕಿ.ಮೀ. ಸೂಕ್ಷ್ಮ ವಲಯವನ್ನು 2020ರ ಅಂತಿಮ ಅಧಿಸೂಚನೆಯಲ್ಲಿ 168.84 ಚದರ ಕಿ.ಮೀ.ಗೆ ಇಳಿಸಲಾಗಿತ್ತು.

ಹೆಸರಿಲ್ಲದ ಕಾಡು: ಕಂಚ ಗಚ್ಚಿಬೌಲಿ

ಕಾನೂನಿನ ಹೆಸರು ಸಿಗದ ಕಾಡಿಗೆ ಏನಾಗಬಹುದು ಎಂಬುದನ್ನು ಇಡೀ ದೇಶ 2025ರಲ್ಲಿ ನೋಡಿತು. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆ ಜಾಗದಲ್ಲಿ ಮರಗಳಿದ್ದವು, ಕೆರೆಗಳಿದ್ದವು, ಜಿಂಕೆ, ನವಿಲುಗಳಿದ್ದವು. ಆದರೆ ಅದು ರಾಷ್ಟ್ರೀಯ ಉದ್ಯಾನವಾಗಿರಲಿಲ್ಲ, ಅಧಿಸೂಚಿತ ಅರಣ್ಯವೂ ಆಗಿರಲಿಲ್ಲ. ಐಟಿ ಮೂಲಸೌಕರ್ಯಕ್ಕೆ ಈ ಜಾಗ ಬಳಸಲು ಹೊರಟ ರಾಜ್ಯ ಸರ್ಕಾರ, ಇದು ಸರ್ಕಾರಿ ಜಮೀನು, ಅರಣ್ಯವಲ್ಲ ಎಂದು ವಾದಿಸಿತು.

2025ರ ಮಾರ್ಚ್ ಕೊನೆಯಲ್ಲಿ ಸಾಲು ಸಾಲು ಬುಲ್ಡೋಜರ್‌ಗಳು ಒಳಗಿಳಿದವು. ವಿದ್ಯಾರ್ಥಿಗಳು ಪ್ರತಿಭಟನೆಗೆ ಇಳಿದರು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು ಕೆಲಸಕ್ಕೆ ತಡೆ ನೀಡಿತು. ಅಷ್ಟರಲ್ಲಿ ಸುಮಾರು 100 ಎಕರೆಯ ಹಸಿರು ನೆಲಕ್ಕುರುಳಿತ್ತು. ಆ ಭಾಗವನ್ನು ಮತ್ತೆ ಹೇಗೆ ಸರಿಪಡಿಸುತ್ತೀರಿ ಎಂಬ ಯೋಜನೆ ಕೊಡಿ ಎಂದು ಕೋರ್ಟ್ ಏಪ್ರಿಲ್ 16ರ ವಿಚಾರಣೆಯಲ್ಲಿ ಸರ್ಕಾರವನ್ನು ಕೇಳಿತು.

ಇದಕ್ಕೆ ಬೆಂಗಳೂರಿನಲ್ಲಿ ಒಂದು ಹೋಲಿಕೆ ಸಿಗುತ್ತದೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣವನ್ನು ಕರ್ನಾಟಕ ಸರ್ಕಾರ 2010ರಲ್ಲೇ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದೆ. ಎರಡೂ ಕಡೆ ವಿಶ್ವವಿದ್ಯಾಲಯಗಳಿವೆ, ಎರಡೂ ಕಡೆ ಹಸಿರಿದೆ. ಒಂದು ಕಡೆ ಕಾನೂನಿನ ಹೆಸರು ಮೊದಲೇ ಸಿಕ್ಕಿತ್ತು, ಇನ್ನೊಂದು ಕಡೆ ಸಿಕ್ಕಿರಲಿಲ್ಲ.

ವಿಜಯಪುರ ಹೆದ್ದಾರಿಯಲ್ಲಿ ಮೂಸಿ ಮೂಲದತ್ತ

ಹೈದರಾಬಾದ್‌ನಿಂದ ವಿಜಯಪುರದತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 163ರಲ್ಲಿ ಮೊಯಿನಾಬಾದ್, ಚೇವೆಳ್ಳ ದಾಟುವಾಗ ರಸ್ತೆಯ ಎರಡೂ ಬದಿ ಹಳೆಯ ಆಲದ ಮರಗಳ ಸಾಲು ಕಾಣುತ್ತದೆ. ಸುಮಾರು 900 ಮರಗಳ ಈ ಸಾಲು ಯಾವ ಉದ್ಯಾನದ ವ್ಯಾಪ್ತಿಗೂ ಸೇರಿಲ್ಲ. ರಸ್ತೆ ವಿಸ್ತರಣೆಗೆ ಅವುಗಳನ್ನು ತೆಗೆಯುವ ಪ್ರಶ್ನೆ ಎದ್ದಾಗ ಪರಿಸರಾಸಕ್ತರು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದರು. ಇದೇ ರಸ್ತೆಯಲ್ಲಿ ಅಪಘಾತಗಳೂ ಹೆಚ್ಚು ಎಂಬುದು ವಿಸ್ತರಣೆ ಬಯಸುವವರ ಅಳಲು. ಎರಡೂ ಕಡೆಯ ಮಾತಿನಲ್ಲಿ ತೂಕವಿದೆ.

ಮುಂದೆ ವಿಕಾರಾಬಾದ್ ಬಳಿಯ ಅನಂತಗಿರಿ ಬೆಟ್ಟಗಳು ಸಿಗುತ್ತವೆ. ಮೂಸಿ ಹುಟ್ಟುವುದು ಇಲ್ಲೇ. ಅನಂತ ಪದ್ಮನಾಭ ಸ್ವಾಮಿ ದೇವಸ್ಥಾನ, ಮಳೆಗಾಲದ ಚಾರಣ ಹಾದಿಗಳಿಂದಾಗಿ ವಾರಾಂತ್ಯದಲ್ಲಿ ಜನ ತುಂಬಿರುತ್ತಾರೆ. ಇದೇ ಜಿಲ್ಲೆಯ ದಾಮಗುಂಡಂ ಮೀಸಲು ಅರಣ್ಯದಲ್ಲಿ ನೌಕಾಪಡೆಯ ರೇಡಿಯೊ ಕೇಂದ್ರಕ್ಕೆ 2024ರ ಅಕ್ಟೋಬರ್ 15ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಶಂಕುಸ್ಥಾಪನೆ ಮಾಡಿದರು. ಇದಕ್ಕೆ ಬಳಕೆಯಾಗುವ ಅರಣ್ಯ ಭೂಮಿ ಸುಮಾರು 2,900 ಎಕರೆ. ದೇಶದ ರಕ್ಷಣೆಗೆ ಅಗತ್ಯ ಎನ್ನುವುದು ಸರ್ಕಾರದ ನಿಲುವು, ನದಿ ಮೂಲಕ್ಕೆ ಧಕ್ಕೆ ಎನ್ನುವುದು ವಿರೋಧಿಸುವವರ ಆತಂಕ. ಮೀಸಲು ಅರಣ್ಯಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ.

ಊರಿಗೆ ಮರಳುವ ದಾರಿಯಲ್ಲಿ ಇನ್ನೂ ಏನೇನಿದೆ?

*ಚಿಂಚೋಳಿ ವನ್ಯಜೀವಿಧಾಮ:* ತಾಂಡೂರು ಕಡೆಯಿಂದ ಗಡಿ ದಾಟಿದರೆ ಕಲಬುರಗಿ ಜಿಲ್ಲೆಯ ಚಿಂಚೋಳಿ. 134.88 ಚದರ ಕಿ.ಮೀ. ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಬಿಸಿಲು ನಾಡು ಎಂದೇ ಹೆಸರಾದ ಕಲ್ಯಾಣ ಕರ್ನಾಟಕದಲ್ಲಿ ಇಷ್ಟು ದಟ್ಟ ಹಸಿರು ಇದೆ ಎಂದು ನಂಬಲು ಮಳೆಗಾಲದಲ್ಲಿ ಹೋಗಿ ನೋಡಬೇಕು. ಚಂದ್ರಂಪಳ್ಳಿ ಜಲಾಶಯ ಮುಖ್ಯ ಆಕರ್ಷಣೆ. ಕಾಡಿನೊಳಗೆ ಲಂಬಾಣಿ ತಾಂಡಾಗಳಿವೆ, ಅವರ ಬದುಕು ಈ ಕಾಡಿನೊಂದಿಗೆ ಬೆಸೆದುಕೊಂಡಿದೆ.

*ಮಂಜೀರಾ ವನ್ಯಜೀವಿಧಾಮ:* ಬೀದರ್ ಜಿಲ್ಲೆಯ ಮೂಲಕವೂ ಹರಿಯುವ ಮಾಂಜ್ರಾ ನದಿ ತೆಲಂಗಾಣದ ಸಂಗಾರೆಡ್ಡಿ ಬಳಿ ಮೊಸಳೆಗಳ ಆಶ್ರಯತಾಣ. 1978ರಲ್ಲಿ ವನ್ಯಜೀವಿಧಾಮವಾಯಿತು. ಚಳಿಗಾಲದಲ್ಲಿ ವಲಸೆ ಹಕ್ಕಿಗಳೂ ಬರುತ್ತವೆ. ಹೈದರಾಬಾದ್‌ಗೆ ಕುಡಿಯುವ ನೀರು ಕೊಡುವ ಮೂಲಗಳಲ್ಲಿ ಇದೂ ಒಂದು.

*ಅಮ್ರಾಬಾದ್ ಹುಲಿ ಸಂರಕ್ಷಿತ ಪ್ರದೇಶ:* ಹೈದರಾಬಾದ್ ಮೂಲಕ ಶ್ರೀಶೈಲಕ್ಕೆ ಹೋಗುವ ಭಕ್ತರು ಹಾದುಹೋಗುವುದು ನಲ್ಲಮಲ ಬೆಟ್ಟಗಳ ಈ ಹುಲಿ ಕಾಡಿನ ಮೂಲಕವೇ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಇಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಬಂಡೀಪುರದ ರಾತ್ರಿ ಸಂಚಾರ ನಿಷೇಧದಂತೆಯೇ ಇದೂ ಪ್ರಾಣಿಗಳ ಜೀವ ಉಳಿಸುವ ಕ್ರಮ. ಸಮಯ ಲೆಕ್ಕ ಹಾಕದೆ ಹೊರಟರೆ ಮನ್ನನೂರು ಚೆಕ್‌ಪೋಸ್ಟ್‌ನಲ್ಲಿ ಬೆಳಗಿನವರೆಗೆ ಕಾಯಬೇಕಾಗುತ್ತದೆ.

ಭೇಟಿ ನೀಡುವವರು ಗಮನಿಸಿ

- ಪ್ರವೇಶ ಸಮಯ, ಶುಲ್ಕ, ವಾರದ ರಜೆ ಬದಲಾಗುತ್ತಿರುತ್ತವೆ. ಹೊರಡುವ ಮುನ್ನ ಅರಣ್ಯ ಇಲಾಖೆಯಿಂದ ಖಚಿತಪಡಿಸಿಕೊಳ್ಳಿ.
- ಕೃಷ್ಣಮೃಗ, ಜಿಂಕೆ ನೋಡಲು ಬೆಳಗ್ಗೆ ಬೇಗ ಅಥವಾ ಸಂಜೆ ಸೂಕ್ತ. ಮಧ್ಯಾಹ್ನದ ಬಿಸಿಲಿಗೆ ಅವು ನೆರಳು ಸೇರಿರುತ್ತವೆ.
- ಬೇಗಂ ಬಜಾರ್‌ನಲ್ಲಿ ಕೊಂಡ ಸರಕಿನೊಂದಿಗೆ ಕಾಡಿಗೆ ಹೋಗಬೇಡಿ. ತಿನಿಸಿನ ವಾಸನೆಗೆ ಮಂಗಗಳು ಬ್ಯಾಗ್‌ಗೆ ಕೈ ಹಾಕುತ್ತವೆ. ಲಗೇಜ್ ಬಿಟ್ಟು ಹೋಗುವುದು ಒಳಿತು.
- ಪ್ರಾಣಿಗಳಿಗೆ ಆಹಾರ ಹಾಕಬೇಡಿ. ಮನುಷ್ಯರ ತಿಂಡಿಗೆ ಒಗ್ಗಿದ ಪ್ರಾಣಿ ರಸ್ತೆಗೆ ಬಂದು ವಾಹನಕ್ಕೆ ಸಿಲುಕುತ್ತದೆ.
- ಪ್ಲಾಸ್ಟಿಕ್ ಕವರ್, ಬಾಟಲಿ ಒಳಗೆ ಬಿಸಾಡಬೇಡಿ. ಜಿಂಕೆಗಳು ಅದನ್ನು ನುಂಗಿ ಸಾಯುವುದುಂಟು.
- ಬೆಂಕಿ ಹಚ್ಚುವುದು ಕಾಯ್ದೆಯ ಸೆಕ್ಷನ್ 30ರ ಅಡಿ ಅಪರಾಧ. ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಸಾಕು, ಎಕರೆಗಟ್ಟಲೆ ಹುಲ್ಲು ಭಸ್ಮವಾಗಲು.
- ಡ್ರೋನ್ ಹಾರಿಸಲು, ವಾಣಿಜ್ಯ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಪಡೆಯಬೇಕು.
- ನವಿಲು ಗರಿಗಾಗಿ, ಜಿಂಕೆ ಕೊಂಬಿಗಾಗಿ ಕೈ ಹಾಕಬೇಡಿ. ನವಿಲು, ಕೃಷ್ಣಮೃಗ ಎರಡೂ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಇವುಗಳ ಬೇಟೆಗೆ 3ರಿಂದ 7 ವರ್ಷ ಜೈಲು ಮತ್ತು 2022ರ ತಿದ್ದುಪಡಿಯಂತೆ ಕನಿಷ್ಠ 25 ಸಾವಿರ ರೂಪಾಯಿ ದಂಡವಿದೆ.

ಉಳಿದಿದ್ದರಿಂದಲೇ ಉಳಿವು

ಹೈದರಾಬಾದ್‌ನ ಕಾಡುಗಳು ಉಳಿದದ್ದು ತಾನಾಗಿಯೇ ಅಲ್ಲ. ಒಂದು ಬೇಟೆಯ ಮೈದಾನವಾಗಿದ್ದರಿಂದ ಉಳಿಯಿತು, ಇನ್ನೊಂದು ಅರಮನೆಯ ಆವರಣವಾಗಿದ್ದರಿಂದ ಉಳಿಯಿತು. ಬಳಿಕ ಅವುಗಳಿಗೆ ಕಾನೂನಿನ ಹೆಸರು ಸಿಕ್ಕಿತು. ಆ ಹೆಸರು ಸಿಗದ ಕಡೆ ವಿದ್ಯಾರ್ಥಿಗಳು, ನಾಗರಿಕರು, ನ್ಯಾಯಾಲಯ ನಡುವೆ ಬರಬೇಕಾಯಿತು. ಅದು ಎಲ್ಲ ಬಾರಿಯೂ ಸಕಾಲಕ್ಕೆ ಆಗುವುದಿಲ್ಲ.

ಅನಂತಗಿರಿಯಲ್ಲಿ ಬಿದ್ದ ಮಳೆ ಕಾಡು, ಹೊಲ, ಕೆರೆಗಳನ್ನು ದಾಟಿ ನಿಧಾನವಾಗಿ ಇಳಿದರೆ ಅದು ನಗರಕ್ಕೆ ಕುಡಿಯುವ ನೀರು. ಕಾಂಕ್ರೀಟ್ ಮೇಲೆ ಜಾರಿ ಒಮ್ಮೆಲೇ ನುಗ್ಗಿದರೆ ಅದು ಪ್ರವಾಹ. ಮುಂದಿನ ಬಾರಿ ಖರೀದಿಗೆ ಬೇಗಂ ಬಜಾರ್‌ಗೆ ಬರುವವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಬಂದರೆ, ಉಸ್ಮಾನಿಯಾ ಆಸ್ಪತ್ರೆಯ ಹುಣಸೆ ಮರದಿಂದ ಶುರುಮಾಡಿ ಗಂಡಿಪೇಟ್, ಮೃಗವನಿ, ಅನಂತಗಿರಿವರೆಗೆ ಮೂಸಿಯ ಜಾಡು ಹಿಡಿದು ನೋಡಿಬರಬಹುದು.